ಲಾರಿಗೆ ಟಾರ್ಪಲ್ ಹಾಕಿದರು, ಶ್ವಾಸಕೋಶದ ಕತೆ ಏನು?

ಮಂಗಳೂರಿನ ಸುರತ್ಕಲ್, ಬೈಕಂಪಾಡಿ ಕಡೆ ಗಾಳಿಯ ಮಾತೆತ್ತಿದರೆ ಒಬ್ಬರು ಕಾರ್ಖಾನೆಯ ವಾಸನೆ ಹೇಳುತ್ತಾರೆ, ಇನ್ನೊಬ್ಬರು ಲಾರಿ ಧೂಳು, ಮತ್ತೊಬ್ಬರು ಪಚ್ಚನಾಡಿಯ ಕಸದ ರಾಶಿ. ಕೊನೆಗೆ ಯಾರಾದರೂ "ನಮ್ಮದು ಕಡಲ ಗಾಳಿ ಮಾರಾಯ್ರೆ, ಬೆಂಗಳೂರಿನ ಹಾಗಲ್ಲ" ಎಂದು ಚರ್ಚೆ ಮುಗಿಸುತ್ತಾರೆ.

ಹೊಗೆ ಇಲ್ಲಿಗೆ ಹೊಸದಲ್ಲ. 1865ರಲ್ಲಿ ಬಾಸೆಲ್ ಮಿಶನ್‌ನವರು ಹೆಂಚಿನ ಕಾರ್ಖಾನೆ ತೆರೆದ ಮೇಲೆ ನದಿ ದಂಡೆಯಲ್ಲಿ ಸೌದೆ ಉರಿಸುವ ಗೂಡುಗಳು ಸಾಲಾಗಿ ಎದ್ದವು. ಆಮೇಲೆ ಗೇರುಬೀಜ, ಬೀಡಿ. 1974ರಲ್ಲಿ ಪಣಂಬೂರು ಪ್ರಮುಖ ಬಂದರಾಯಿತು. ಅದರ ಬೆನ್ನಿಗೆ ರಸಗೊಬ್ಬರ, ಕಬ್ಬಿಣದ ಅದಿರಿನ ಉಂಡೆ ಮಾಡುವ ಕಾರ್ಖಾನೆ, 90ರ ದಶಕದಲ್ಲಿ ತೈಲ ಶುದ್ಧೀಕರಣ.

ಜನ ನಿಜವಾಗಿ ಸಿಟ್ಟಿಗೆದ್ದದ್ದು 2000ದ ನಂತರ. ಬಳ್ಳಾರಿಯ ಅದಿರು ಚೀನಾಕ್ಕೆ ಹೊರಟಿತ್ತು. ಲಾರಿಗಳು ಘಾಟಿ ಇಳಿದು ಪಣಂಬೂರಿಗೆ ಬರುತ್ತಿದ್ದವು. ರಸ್ತೆ ಬದಿಯ ಮರ, ಅಂಗಡಿಯ ಹಲಗೆ, ಒಣಗಲು ಹಾಕಿದ ಬಟ್ಟೆ, ಎಲ್ಲವೂ ಕೆಂಪು. 2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು. ಕೆಂಪು ಹೋಯಿತು, ಕಪ್ಪು ಉಳಿಯಿತು. ಬಂದರಿನಲ್ಲಿ ಕಲ್ಲಿದ್ದಲು ಇಳಿಯುತ್ತಲೇ ಇತ್ತು. ಅದೇ ಹೊತ್ತಿಗೆ ಪಡುಬಿದ್ರಿ ಸಮೀಪದ ಯಲ್ಲೂರಿನಲ್ಲಿ 1,200 ಮೆಗಾವ್ಯಾಟ್ ಉಷ್ಣ ವಿದ್ಯುತ್ ಸ್ಥಾವರ ಶುರುವಾಗಿ, ಅದರ ಕಲ್ಲಿದ್ದಲೂ ಇದೇ ಬಂದರಿನಿಂದ ರೈಲು ಹತ್ತಿತು. ಅಲ್ಲಿನ ಮಲ್ಲಿಗೆ ಬೆಳೆಗಾರರು ಹಾರುಬೂದಿಯ ದೂರು ಹಿಡಿದು ಓಡಾಡಿದರು, ಪ್ರಕರಣ ಹಸಿರು ನ್ಯಾಯಮಂಡಳಿ ಹತ್ತಿತು. ಜೋಕಟ್ಟೆಯಲ್ಲಿ ಪೆಟ್‌ಕೋಕ್, ಅಂದರೆ ತೈಲ ಶುದ್ಧೀಕರಣದಲ್ಲಿ ಉಳಿಯುವ ಇದ್ದಿಲಿನಂಥ ವಸ್ತುವಿನ ಪುಡಿಯ ವಿರುದ್ಧ ಧರಣಿ ನಡೆಯಿತು.

ಇಷ್ಟೆಲ್ಲದರ ಫಲವಾಗಿ ಬಂದದ್ದು ಟಾರ್ಪಲ್, ನೀರು ಚಿಮುಕಿಸುವುದು, ಮರ ನೆಟ್ಟ ಹಸಿರು ಪಟ್ಟಿ. ಬೇಡವೆನ್ನುವಂತಿಲ್ಲ. ಆದರೆ ಇವೆಲ್ಲ ಮುಖ್ಯವಾಗಿ ಕಣ್ಣಿಗೆ ಕಾಣುವ ಧೂಳಿಗೆ ಮದ್ದು. ಆ ದಪ್ಪ ಧೂಳು ಹೆಚ್ಚಾಗಿ ಮೂಗು, ಗಂಟಲಲ್ಲೇ ನಿಲ್ಲುತ್ತದೆ. ಕೆಮ್ಮು, ಸೀನು ತರುತ್ತದೆ. ಎರಡೂವರೆ ಮೈಕ್ರಾನ್‌ಗಿಂತ ಸಣ್ಣ ಕಣದ ಕತೆ ಬೇರೆ. ತಲೆಕೂದಲಿನ ದಪ್ಪದ ಮೂವತ್ತನೇ ಒಂದು ಪಾಲೂ ಇಲ್ಲದ ಅದು ನೇರ ಶ್ವಾಸಕೋಶದ ಗಾಳಿಗೂಡುಗಳವರೆಗೆ ಹೋಗುತ್ತದೆ, ರಕ್ತಕ್ಕೂ ಸೇರುತ್ತದೆ. ಇದು ಹೆಚ್ಚಾಗಿ ಹುಟ್ಟುವುದು ಉರಿಯುವಲ್ಲಿ: ಡೀಸೆಲ್, ಕಲ್ಲಿದ್ದಲು, ಕಸ, ಸೌದೆ. ಚಿಮಣಿಯಿಂದ ಬರುವ ಗಂಧಕದ ಡೈಆಕ್ಸೈಡ್ ದಮ್ಮು ಇರುವವರ ಉಸಿರ್ನಾಳವನ್ನು ಬಿಗಿಯುತ್ತದೆ. ಹೋಗುತ್ತಾ ಹೋಗುತ್ತಾ ತಾನೇ ಸಣ್ಣ ಕಣವಾಗುತ್ತದೆ. ಇದಕ್ಕೆ ಟಾರ್ಪಲ್ ಹೊದೆಸಲು ಆಗುತ್ತದಾ?

ಕಡಲ ಗಾಳಿಯ ಮಾತನ್ನೂ ಸ್ವಲ್ಪ ನೋಡಬೇಕು. ಮಳೆಗಾಲದಲ್ಲಿ ಗಾಳಿ ತೊಳೆದ ಹಾಗಿರುತ್ತದೆ, ಸುಳ್ಳಲ್ಲ. ಆದರೆ ಬಂದರು, ಬೈಕಂಪಾಡಿ ಕಡಲಿಗೆ ಅಂಟಿಕೊಂಡಿವೆ. ಮಧ್ಯಾಹ್ನದ ಗಾಳಿ ಅಲ್ಲಿಂದ ಒಳನಾಡಿನತ್ತ, ಅಂದರೆ ಜೋಕಟ್ಟೆ, ಕೆಂಜಾರಿನತ್ತ ಬೀಸುತ್ತದೆ. ಚಳಿಗಾಲದ ರಾತ್ರಿ ಗಾಳಿ ಬಿದ್ದು ಹೊಗೆ ನೆಲದ ಹತ್ತಿರ ಕೂರುತ್ತದೆ. ಕಡಲು ಒಬ್ಬರಿಗೆ ಕೊಟ್ಟದ್ದನ್ನು ಇನ್ನೊಬ್ಬರಿಗೆ ದಾಟಿಸುತ್ತದೆ, ಅಷ್ಟೇ.

2019ರಲ್ಲಿ ಕೇಂದ್ರ ಸರ್ಕಾರ ಶುದ್ಧ ಗಾಳಿ ಯೋಜನೆ ತಂದಾಗ ಕರ್ನಾಟಕದಿಂದ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಸೇರಿದವು. ಮಂಗಳೂರು ಸೇರಲಿಲ್ಲ. ನಮ್ಮ ದೇಶದಲ್ಲಿ ಸಣ್ಣ ಕಣಕ್ಕೆ ವರ್ಷದ ಸರಾಸರಿ ಮಿತಿ ಘನ ಮೀಟರಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. ನಮ್ಮ ಮಿತಿಯೊಳಗಿದ್ದರೆ ಕಡತ ಮುಚ್ಚುತ್ತದೆ, ಶ್ವಾಸಕೋಶಕ್ಕೆ ಆ ಮಿತಿ ಗೊತ್ತಿರುವುದಿಲ್ಲ ನೋಡಿ.

ಹೊರಗಿನ ಗಾಳಿಯ ಜಗಳದಲ್ಲಿ ಮರೆತೇ ಹೋದದ್ದು ಮನೆಯೊಳಗಿನದು. ಕುಚ್ಚಲಕ್ಕಿ ಬೇಯಲು ಹೊತ್ತು ಬೇಕು. ಗ್ಯಾಸ್ ಬಂದ ಮೇಲೂ ಬಚ್ಚಲ ಹಂಡೆಯ ಕೆಳಗೆ ಮಡಲು, ತೆಂಗಿನ ಸಿಪ್ಪೆ ಉರಿಸುವ ಮನೆಗಳು ಎಷ್ಟಿಲ್ಲ! ಒಮ್ಮೆಯೂ ಬೀಡಿ ಸೇದದ ಹೆಂಗಸರಿಗೆ ಸಿಒಪಿಡಿ, ಅಂದರೆ ಉಸಿರ್ನಾಳ ಕಿರಿದಾಗಿಯೇ ಉಳಿಯುವ ಶ್ವಾಸಕೋಶದ ಕಾಯಿಲೆ, ಬರಲು ಇಂಥ ಹೊಗೆಯೂ ಒಂದು ದೊಡ್ಡ ಕಾರಣ. ಹೊರಗಿನ ಹೊಗೆಯೂ ಸೇರಿದರೆ ಯಾವುದರ ಪಾಲು ಎಷ್ಟೆಂದು ಬಿಡಿಸುವುದು ಕಷ್ಟ. ಆ ಕಷ್ಟವೇ ಹೊಣೆ ಜಾರಿಸುವ ಎಲ್ಲರಿಗೂ ಅನುಕೂಲ.

ಧೂಳು ಅಳೆಯುವ ಯಂತ್ರದ ಬಗ್ಗೆ ಇಷ್ಟು ಮಾತಾಡುವ ನಾವು ಉಸಿರು ಅಳೆಯುವುದನ್ನು ಕೇಳುವುದೇ ಕಡಿಮೆ. ಊದಿಸಿ ನೋಡುವ ಸ್ಪೈರೋಮೀಟರ್ ಕೈಯಲ್ಲಿ ಹಿಡಿಯುವಷ್ಟು ಸಣ್ಣದೂ ಸಿಗುತ್ತದೆ. ಕೈಗಾರಿಕಾ ಪಟ್ಟಿಯ ಶಾಲೆಗಳಲ್ಲೂ ದೂರದ ಶಾಲೆಗಳಲ್ಲೂ ಮಕ್ಕಳನ್ನು ವರ್ಷಕ್ಕೊಮ್ಮೆ ಊದಿಸಿ ಹೋಲಿಸಬಹುದು. ಮುಂದಿನ ಧರಣಿಯ ಬೇಡಿಕೆ ಪಟ್ಟಿಯಲ್ಲಿ ಹಸಿರು ಪಟ್ಟಿಗಿಂತ ಮೇಲೆ ಇದನ್ನು ಬರೆಯಬೇಕು.