ವಿಮಾನ ಓಡಿಸಲು ಬಾರದ ಗಿರಣಿ ಹುಡುಗಿಯನ್ನು ಬಾಹ್ಯಾಕಾಶಕ್ಕೆ ಕಳಿಸಿದ್ದು ಯಾಕೆ?

ಪ್ರಶ್ನೆ: ಬಾಹ್ಯಾಕಾಶಕ್ಕೆ ಹೋದ ಮೊದಲ ಮಹಿಳೆ ವಾಲೆಂಟಿನಾ ತೆರೆಶ್ಕೋವಾ ಪೈಲಟ್ಟೇ ಆಗಿರಲಿಲ್ಲವಂತೆ. ಬಟ್ಟೆ ಗಿರಣಿಯಲ್ಲಿ ಕೆಲಸ ಮಾಡ್ತಿದ್ದರಂತೆ. ಹಾಗಾದ್ರೆ ಅವರನ್ನು ಆರಿಸಿದ್ದು ಹೇಗೆ? ಸುಮ್ನೆ ಪ್ರಚಾರಕ್ಕಾ?

ಉತ್ತರ: ತೆರೆಶ್ಕೋವಾ ಹೆಸರು ಬಂದಾಗಲೆಲ್ಲ ಈ ಪ್ರಶ್ನೆಯೂ ಹಿಂದೆಯೇ ಬರುತ್ತದೆ. ಪ್ರಚಾರಕ್ಕೆ ಅನ್ನೋದು ನಿಜ. ಸುಮ್ನೆ ಅನ್ನೋದು ಮಾತ್ರ ಸರಿಯಲ್ಲ. ಯಾಕೆ ಅಂತ ತಿಳಿಯಬೇಕಾದರೆ ಮೊದಲು ಅವರು ಹೋದ ನೌಕೆಯನ್ನು ಸ್ವಲ್ಪ ನೋಡಬೇಕು.

ವೊಸ್ತೋಕ್ ನೌಕೆಯಲ್ಲಿ ಯಾತ್ರಿ ಕೂರುವ ಭಾಗ ಸುಮಾರು 2.3 ಮೀಟರ್ ಅಡ್ಡಳತೆಯ ಲೋಹದ ಗುಂಡು. ಒಳಗೆ ಒಬ್ಬರಿಗೆ ಮಾತ್ರ ಜಾಗ. ಅದನ್ನು ವಿಮಾನದ ಹಾಗೆ ಓಡಿಸುವ ಕೆಲಸವೇ ಇರಲಿಲ್ಲ. ಏರುವುದು, ಸುತ್ತುವುದು, ಇಳಿಯುವುದು ಎಲ್ಲವೂ ತಾನಾಗಿಯೇ ನಡೆಯುವಂತೆ ಮಾಡಿದ್ದರು. ಬಾಹ್ಯಾಕಾಶಕ್ಕೆ ಹೋದ ಮೊದಲ ಮನುಷ್ಯ ಗಗಾರಿನ್‌ಗಿಂತ ಮೊದಲು, 1960ರ ಆಗಸ್ಟ್‌ನಲ್ಲಿ, ಇದೇ ಬಗೆಯ ನೌಕೆಯಲ್ಲಿ ಬೆಲ್ಕಾ, ಸ್ತ್ರೆಲ್ಕಾ ಎಂಬ ಎರಡು ನಾಯಿಗಳು ಹೋಗಿ ಜೀವಂತ ಬಂದಿದ್ದವು. ಗಗಾರಿನ್ ಹೋದಾಗಲಂತೂ ಕೈಯಿಂದ ನಡೆಸುವ ವ್ಯವಸ್ಥೆಗೆ ಬೀಗ ಹಾಕಿ, ಅದನ್ನು ತೆರೆಯುವ ಸಂಖ್ಯೆಯನ್ನು ಲಕೋಟೆಯಲ್ಲಿ ಇಟ್ಟು ಕೊಟ್ಟಿದ್ದರು. ತೂಕವೇ ಇಲ್ಲದ ಕಡೆ ಮನುಷ್ಯನ ತಲೆ ಸರಿಯಾಗಿ ಓಡುತ್ತದೋ ಇಲ್ಲವೋ ಎಂಬ ಅನುಮಾನ!

ಆದರೆ ಒಂದು ಕೆಲಸವನ್ನು ಯಂತ್ರ ಪೂರ್ತಿ ಮಾಡುತ್ತಿರಲಿಲ್ಲ. ಆ ಗುಂಡು ನೆಲಕ್ಕೆ ಬಡಿಯುವ ವೇಗಕ್ಕೆ ಒಳಗಿದ್ದವರ ಮೂಳೆ ಉಳಿಯುವುದು ಕಷ್ಟ. ಹಾಗಾಗಿ ಸುಮಾರು 7 ಕಿಲೋಮೀಟರ್ ಎತ್ತರದಲ್ಲಿ ಬಾಗಿಲು ಹಾರಿಹೋಗುತ್ತಿತ್ತು. ಯಾತ್ರಿ ಸೀಟಿನ ಸಮೇತ ಹೊರಗೆ ಚಿಮ್ಮಿ, ತನ್ನದೇ ಪ್ಯಾರಾಚೂಟಿನಲ್ಲಿ ಇಳಿಯಬೇಕಿತ್ತು. ಗಗಾರಿನ್ ಇಳಿದದ್ದೂ ಹೀಗೆಯೇ. ನೌಕೆಯ ಒಳಗೇ ಕೂತು ಇಳಿದರೆ ಮಾತ್ರ ವಿಶ್ವದಾಖಲೆ ಎಂಬ ನಿಯಮ ಇದ್ದದ್ದರಿಂದ ಸೋವಿಯತ್ ಸರ್ಕಾರ ಈ ವಿಷಯವನ್ನು ವರ್ಷಗಟ್ಟಲೆ ಮುಚ್ಚಿಟ್ಟಿತ್ತು.

ಈಗ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತಾಯಿತು. ಆ ನೌಕೆಗೆ ಪೈಲಟ್‌ಗಿಂತ ಜಾಸ್ತಿ ಬೇಕಾಗಿದ್ದದ್ದು ಪ್ಯಾರಾಚೂಟ್ ಕಟ್ಟಿಕೊಂಡು ಹೆದರದೆ ಹಾರುವವರು.

ವಾಲೆಂಟಿನಾ ಹುಟ್ಟಿದ್ದು 1937ರ ಮಾರ್ಚ್ 6ರಂದು, ಯಾರೋಸ್ಲಾವ್ಲ್ ಪ್ರಾಂತ್ಯದ ಒಂದು ಹಳ್ಳಿಯಲ್ಲಿ. ಅಪ್ಪ ಟ್ರ್ಯಾಕ್ಟರ್ ಓಡಿಸುತ್ತಿದ್ದರು. ಫಿನ್ಲೆಂಡ್ ಜೊತೆಗಿನ ಯುದ್ಧಕ್ಕೆ ಹೋದವರು ವಾಪಸ್ ಬರಲಿಲ್ಲ. ಅಮ್ಮ ಬಟ್ಟೆ ಗಿರಣಿ ಸೇರಿ ಮಕ್ಕಳನ್ನು ಸಾಕಿದರು. ಮಗಳು ಮೊದಲು ಟೈರ್ ಕಾರ್ಖಾನೆಯಲ್ಲಿ, ಆಮೇಲೆ ಅಮ್ಮನ ದಾರಿಯಲ್ಲೇ ಗಿರಣಿಯಲ್ಲಿ ದುಡಿದರು. ಕೆಲಸ ಮಾಡುತ್ತಲೇ ಅಂಚೆ ಮೂಲಕ ಓದಿ ಜವಳಿ ತಾಂತ್ರಿಕ ಶಿಕ್ಷಣ ಮುಗಿಸಿದರು. 1959ರಲ್ಲಿ ಊರಿನ ಏರೋಕ್ಲಬ್ ಸೇರಿ ಪ್ಯಾರಾಚೂಟಿನಲ್ಲಿ ಹಾರಲು ಶುರು ಮಾಡಿದರು. ಇದು ಅವರ ಹವ್ಯಾಸ, ಅಷ್ಟೇ. ಗಿರಣಿಯ ಯುವ ಕಮ್ಯುನಿಸ್ಟ್ ಸಂಘದ ಕಾರ್ಯದರ್ಶಿಯೂ ಆಗಿದ್ದರು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ಇತ್ತ ಮಾಸ್ಕೋದಲ್ಲಿ ಗಗನಯಾತ್ರಿಗಳ ತರಬೇತಿ ನೋಡಿಕೊಳ್ಳುತ್ತಿದ್ದ ನಿಕೊಲಾಯ್ ಕಮಾನಿನ್ ಅವರಿಗೆ ಒಂದು ಚಿಂತೆ ಹತ್ತಿತ್ತು. ಅಮೆರಿಕದಲ್ಲಿ ಕೆಲವು ಮಹಿಳಾ ಪೈಲಟ್‌ಗಳು ಗಗನಯಾತ್ರಿಗಳ ವೈದ್ಯಕೀಯ ಪರೀಕ್ಷೆಗಳನ್ನು ಪಾಸು ಮಾಡಿದ್ದರು. ಮೊದಲ ಮಹಿಳೆ ಅಮೆರಿಕದವಳಾಗಿಬಿಟ್ಟರೆ? ಅಸಲಿಗೆ ನಾಸಾ ಆ ಮಹಿಳೆಯರನ್ನು ಕಳಿಸುವ ಯೋಚನೆಯಲ್ಲೇ ಇರಲಿಲ್ಲ. ಜೆಟ್ ವಿಮಾನಗಳ ಟೆಸ್ಟ್ ಪೈಲಟ್ ಆಗಿರಬೇಕು ಅಂತ ಷರತ್ತು ಇಟ್ಟಿತ್ತು. ಆ ಕೆಲಸಕ್ಕೆ ಹೆಂಗಸರನ್ನು ತೆಗೆದುಕೊಳ್ಳುತ್ತಲೇ ಇರಲಿಲ್ಲ, ಅಲ್ಲಿಗೆ ಕತೆ ಮುಗಿಯಿತಲ್ಲ.

ಸೋವಿಯತ್ ಕಡೆ ಷರತ್ತು ಬೇರೆ. ವಯಸ್ಸು 30ರ ಒಳಗೆ, ಎತ್ತರ 170 ಸೆಂಟಿಮೀಟರ್ ಒಳಗೆ, ತೂಕ 70 ಕಿಲೋ ಒಳಗೆ. ಜೊತೆಗೆ ಪ್ಯಾರಾಚೂಟ್ ಅನುಭವ. 1962ರಲ್ಲಿ ಐದು ಜನ ಆಯ್ಕೆಯಾದರು: ತತ್ಯಾನಾ ಕುಜ್ನೆತ್ಸೋವಾ, ವಾಲೆಂಟಿನಾ ಪೊನೊಮರ್ಯೋವಾ, ಇರಿನಾ ಸೊಲೊವ್ಯೋವಾ, ಝಾನ್ನಾ ಯೋರ್ಕಿನಾ ಮತ್ತು ನಮ್ಮ ತೆರೆಶ್ಕೋವಾ. ಸೆಂಟ್ರಿಫ್ಯೂಜಿನಲ್ಲಿ ಗಿರಗಿರ ತಿರುಗಿಸಿದರು. ಕುದಿಯುವ ಬಿಸಿಯ ಕೋಣೆಯಲ್ಲಿ ಕೂರಿಸಿದರು. ಸದ್ದೇ ಬಾರದ ಕೋಣೆಯಲ್ಲಿ ದಿನಗಟ್ಟಲೆ ಒಂಟಿಯಾಗಿ ಬಿಟ್ಟರು. ಇಷ್ಟೆಲ್ಲ ನಡೆಯುವಾಗ ತೆರೆಶ್ಕೋವಾ ಅಮ್ಮನಿಗೆ ಹೇಳಿದ್ದು ಏನು ಗೊತ್ತಾ? ಪ್ಯಾರಾಚೂಟ್ ತಂಡದ ತರಬೇತಿ ಅಂತ! ಮಗಳು ಎಲ್ಲಿದ್ದಾಳೆ ಅಂತ ಅಮ್ಮನಿಗೆ ಗೊತ್ತಾಗಿದ್ದು ಸರ್ಕಾರ ಸುದ್ದಿ ಪ್ರಕಟಿಸಿದ ಮೇಲೆ.

ಕಾಗದದ ಮೇಲೆ ನೋಡಿದರೆ ಐವರಲ್ಲಿ ಮುಂದಿದ್ದದ್ದು ತೆರೆಶ್ಕೋವಾ ಅಲ್ಲ. ಪೊನೊಮರ್ಯೋವಾ ಎಂಜಿನಿಯರ್, ವಿಮಾನವನ್ನೂ ಓಡಿಸುತ್ತಿದ್ದರು. ಸೊಲೊವ್ಯೋವಾ ನೂರಾರು ಬಾರಿ ಹಾರಿದ ನುರಿತ ಪ್ಯಾರಾಚೂಟ್ ಪಟು. ಆದರೆ ಕಳಿಸುವವರಿಗೆ ಬೇಕಿದ್ದದ್ದು ಬೇರೆ ಕತೆ. ಗಿರಣಿ ಕೆಲಸಗಾರ್ತಿ, ಯುದ್ಧದಲ್ಲಿ ಮಡಿದ ಟ್ರ್ಯಾಕ್ಟರ್ ಚಾಲಕನ ಮಗಳು, ಸಂಘದ ಕಾರ್ಯದರ್ಶಿ, ವೇದಿಕೆ ಹತ್ತಿದರೆ ಅಳುಕದೆ ಮಾತಾಡುವವಳು. ಪೊನೊಮರ್ಯೋವಾ ಸಿಗರೇಟು ಸೇದುತ್ತಿದ್ದರು, ಮನಸ್ಸಿಗೆ ಬಂದದ್ದನ್ನು ಹೇಳಿಬಿಡುತ್ತಿದ್ದರು. ಕಮಾನಿನ್‌ಗೆ ಇದು ಸೇರುತ್ತಿರಲಿಲ್ಲ. ತೆರೆಶ್ಕೋವಾ ಅವರನ್ನು ‘ಲಂಗ ಉಟ್ಟ ಗಗಾರಿನ್’ ಎಂದು ಅವರು ಕರೆದಿದ್ದರು. ಪ್ರಚಾರ ಎಂದು ನೀವು ಹೇಳುವುದು ಇದನ್ನಾದರೆ, ಹೌದು, ಖಂಡಿತ ಪ್ರಚಾರವೇ.

1963ರ ಜೂನ್ 16ರಂದು ವೊಸ್ತೋಕ್-6 ಏರಿತು. ರೇಡಿಯೊದಲ್ಲಿ ಅವರ ಹೆಸರು ಚೈಕಾ. ವಯಸ್ಸು 26. ಎರಡು ದಿನ ಮೊದಲೇ ವೊಸ್ತೋಕ್-5ರಲ್ಲಿ ಹೋಗಿದ್ದ ವಲೇರಿ ಬಿಕೋವ್ಸ್ಕಿ ಮೇಲೆಯೇ ಇದ್ದರು. ಒಂದು ಹಂತದಲ್ಲಿ ಎರಡು ನೌಕೆಗಳ ನಡುವೆ ಇದ್ದದ್ದು ಸುಮಾರು 5 ಕಿಲೋಮೀಟರ್. ತೆರೆಶ್ಕೋವಾ ಭೂಮಿಯನ್ನು 48 ಸುತ್ತು ಹಾಕಿದರು. ಹತ್ತಿರ ಹತ್ತಿರ 71 ಗಂಟೆ. ಅಲ್ಲಿಯವರೆಗೆ ಹೋಗಿಬಂದಿದ್ದ ಅಮೆರಿಕದ ಎಲ್ಲ ಗಗನಯಾತ್ರಿಗಳ ಒಟ್ಟು ಗಂಟೆಗಳಿಗಿಂತ ಇದು ಜಾಸ್ತಿ.

ಆರಾಮದ ಪಯಣವೇನೂ ಆಗಿರಲಿಲ್ಲ. ಮೂರು ದಿನವೂ ಬಾಹ್ಯಾಕಾಶ ಉಡುಪಿನಲ್ಲೇ, ಸೀಟಿಗೆ ಕಟ್ಟಿಕೊಂಡೇ ಇದ್ದರು. ಮೊಣಕಾಲ ಕೆಳಗೆ ನೋವು ಶುರುವಾಯಿತು. ಹೆಲ್ಮೆಟ್ ಹೆಗಲಿಗೆ ಒತ್ತುತ್ತಿತ್ತು. ವಾಂತಿಯಾಯಿತು. ಕೊಟ್ಟ ಬ್ರೆಡ್ಡು ಒಣಕಲು, ಬಾಯಿಗೆ ಸೇರಲಿಲ್ಲ. ಪೇಸ್ಟ್ ಇಟ್ಟಿದ್ದರು, ಬ್ರಷ್ ಇಡುವುದನ್ನೇ ಮರೆತಿದ್ದರು! ಬೆರಳಲ್ಲೇ ಹಲ್ಲುಜ್ಜಬೇಕಾಯಿತು.

ಇದಕ್ಕಿಂತ ದೊಡ್ಡ ಎಡವಟ್ಟು ಇನ್ನೊಂದಿತ್ತು. ಕೆಳಗೆ ಇಳಿಯಬೇಕಾದರೆ ನೌಕೆ ಸರಿಯಾದ ದಿಕ್ಕಿಗೆ ತಿರುಗಿ ನಿಂತು ಎಂಜಿನ್ ಉರಿಸಬೇಕು. ಆಗ ವೇಗ ಕಡಿಮೆಯಾಗಿ ನೌಕೆ ಕೆಳಗಿಳಿಯುತ್ತದೆ. ತೆರೆಶ್ಕೋವಾ ಹೇಳುವ ಪ್ರಕಾರ, ಅವರ ನೌಕೆಗೆ ಕೊಟ್ಟಿದ್ದ ದಿಕ್ಕಿನ ಲೆಕ್ಕ ತಿರುವುಮುರುವಾಗಿತ್ತು. ಹಾಗೇ ಬಿಟ್ಟಿದ್ದರೆ ಎಂಜಿನ್ ಉರಿದಾಗ ನೌಕೆ ಕೆಳಗೆ ಬರುವ ಬದಲು ಇನ್ನೂ ಮೇಲಿನ ಕಕ್ಷೆಗೆ ಹೋಗುತ್ತಿತ್ತು. ಅವರು ಅದನ್ನು ಗಮನಿಸಿ ತಿಳಿಸಿದರು. ಕೆಳಗಿನಿಂದ ಹೊಸ ಲೆಕ್ಕ ಬಂತು. ಮುಖ್ಯ ವಿನ್ಯಾಸಗಾರ ಸೆರ್ಗೆಯ್ ಕೊರೊಲ್ಯೋವ್, ಇದನ್ನು ಯಾರಿಗೂ ಹೇಳಬೇಡ ಎಂದು ಕೇಳಿಕೊಂಡರಂತೆ. ದಶಕಗಳ ಕಾಲ ಅವರು ಬಾಯಿ ಬಿಡಲಿಲ್ಲ.

ಈ ಮೌನದ ಬೆಲೆ ತೆತ್ತದ್ದು ಅವರೇ. ನೌಕೆಯನ್ನು ಕೈಯಿಂದ ತಿರುಗಿಸುವ ಪ್ರಯತ್ನ ಮೊದಮೊದಲು ಕೈಕೊಟ್ಟಿತ್ತು, ಆಮೇಲೆ ಸರಿಹೋಯಿತು. ಹೆಣ್ಣುಮಗಳು ಮೇಲೆ ಹೋಗಿ ಸುಸ್ತಾದಳು, ಕೊಟ್ಟ ಕೆಲಸ ಪೂರ್ತಿ ಮಾಡಲಿಲ್ಲ ಎಂದು ಕೆಲವರು ಬರೆದರು. ಇಲ್ಲಿ ಒಂದು ಮಾತು ಹೇಳಲೇಬೇಕು. 1961ರಲ್ಲಿ ಹೋದ ಗೆರ್ಮನ್ ಟಿಟೊವ್ ಅವರಿಗೂ ಮೇಲೆ ತಲೆಸುತ್ತು, ವಾಂತಿ ಆಗಿತ್ತು. ಆ ಕಾರಣಕ್ಕೆ ಗಂಡಸರನ್ನು ಕಳಿಸೋದು ಬೇಡ ಅಂತ ಯಾರೂ ಹೇಳಲಿಲ್ಲ, ಅಲ್ವಾ?

ಜೂನ್ 19ರಂದು ಅಲ್ತಾಯ್ ಸೀಮೆಯಲ್ಲಿ ಇಳಿದರು. ಪ್ಯಾರಾಚೂಟಿನಲ್ಲಿ ತೇಲುತ್ತಾ ಕೆಳಗೆ ನೋಡಿದರೆ ಕೆರೆ! ಪುಣ್ಯಕ್ಕೆ ಗಾಳಿ ಆಚೆ ತಳ್ಳಿತು. ಓಡಿ ಬಂದ ಹಳ್ಳಿಯವರಿಗೆ ನೌಕೆಯಲ್ಲಿ ಉಳಿದಿದ್ದ ತಿಂಡಿಯನ್ನು ಹಂಚಿ, ಅವರು ಕೊಟ್ಟ ಊಟವನ್ನು ತಾವು ತಿಂದರು. ಎಷ್ಟು ತಿಂದಿದ್ದಾರೆ, ಎಷ್ಟು ಉಳಿಸಿದ್ದಾರೆ ಎಂದು ಅಳೆಯಲು ಕಾದಿದ್ದ ವೈದ್ಯರಿಗೆ ಸಿಟ್ಟು ಬಂದದ್ದರಲ್ಲಿ ತಪ್ಪಿಲ್ಲ. ಮೂರು ದಿನ ಒಣ ಬ್ರೆಡ್ಡು ನೋಡಿದವರು ಬಿಸಿ ಊಟಕ್ಕೆ ಕೈಚಾಚಿದ್ದರಲ್ಲೂ ತಪ್ಪಿಲ್ಲ.

ಮತ್ತೆ ಯಾಕೆ ಹೋಗಲಿಲ್ಲ ಎಂದು ಮುಂದಿನ ಪ್ರಶ್ನೆ ಬಂದೇ ಬರುತ್ತದೆ. ಅದೇ ವರ್ಷ ನವೆಂಬರ್‌ನಲ್ಲಿ ಗಗನಯಾತ್ರಿ ಆಂದ್ರಿಯಾನ್ ನಿಕೊಲಾಯೆವ್ ಜೊತೆ ಮದುವೆಯಾಯಿತು. ಸೋವಿಯತ್ ನಾಯಕ ಖ್ರುಶ್ಚೇವ್ ಅವರೇ ಮದುವೆಗೆ ಬಂದಿದ್ದರು. 1964ರಲ್ಲಿ ಮಗಳು ಹುಟ್ಟಿದಳು. ಅಪ್ಪ ಅಮ್ಮ ಇಬ್ಬರೂ ಬಾಹ್ಯಾಕಾಶಕ್ಕೆ ಹೋಗಿಬಂದಿದ್ದ ಮೊದಲ ಮಗು. ಉಳಿದದ್ದು ದೇಶ ವಿದೇಶ ಸುತ್ತಾಟ, ಭಾಷಣ, ಸೋವಿಯತ್ ಮಹಿಳಾ ಸಮಿತಿಯ ಅಧ್ಯಕ್ಷಗಿರಿ. ನಡುವೆ ಓದಿ ಎಂಜಿನಿಯರ್ ಆದರು. ಮುಂದೆ ವಾಯುಪಡೆಯ ಮೇಜರ್ ಜನರಲ್ ಕೂಡ ಆದರು. ರಾಜಕೀಯವನ್ನೂ ಬಿಡಲಿಲ್ಲ. ಪುಟಿನ್ ಮತ್ತೆ ಅಧ್ಯಕ್ಷ ಸ್ಥಾನಕ್ಕೆ ನಿಲ್ಲಲು ದಾರಿ ಮಾಡಿಕೊಟ್ಟ ತಿದ್ದುಪಡಿಯನ್ನು 2020ರಲ್ಲಿ ಸಂಸತ್ತಿನಲ್ಲಿ ಮುಂದಿಟ್ಟದ್ದು ಇವರೇ. ಬಾಹ್ಯಾಕಾಶದ ಸಾಧನೆ ಮೆಚ್ಚಿದವರಲ್ಲಿ ಹಲವರಿಗೆ ಇದು ಇಷ್ಟವಾಗಲಿಲ್ಲ.

ನನ್ನ ತಕರಾರು ಇರುವುದು ತೆರೆಶ್ಕೋವಾ ಅವರನ್ನು ಕಳಿಸಿದ್ದರ ಬಗ್ಗೆ ಅಲ್ಲ, ಉಳಿದ ನಾಲ್ವರನ್ನು ಕಳಿಸದೇ ಇದ್ದದ್ದರ ಬಗ್ಗೆ. ಪೊನೊಮರ್ಯೋವಾ, ಸೊಲೊವ್ಯೋವಾ ಇಬ್ಬರನ್ನೂ ಒಟ್ಟಿಗೆ ಕಳಿಸುವ ಯೋಜನೆ ಒಂದಿತ್ತು. ಕೊರೊಲ್ಯೋವ್ 1966ರಲ್ಲಿ ತೀರಿಕೊಂಡ ಮೇಲೆ ಅದೂ ಬಿದ್ದುಹೋಯಿತು. 1969ರಲ್ಲಿ ಮಹಿಳೆಯರ ತಂಡವನ್ನೇ ಬರಖಾಸ್ತು ಮಾಡಿದರು. ಆ ನಾಲ್ವರ ಹೆಸರು ಕೂಡ ಬಹಳ ಕಾಲ ಹೊರಗೆ ಬರಲಿಲ್ಲ. ಎರಡನೇ ಮಹಿಳೆ ಸ್ವೆತ್ಲಾನಾ ಸವಿತ್ಸ್ಕಾಯಾ ಹೋಗಿದ್ದು 1982ರಲ್ಲಿ, 19 ವರ್ಷದ ನಂತರ. ಅವರಾದರೋ ಟೆಸ್ಟ್ ಪೈಲಟ್. ಸಲ್ಯೂತ್-7 ಬಾಹ್ಯಾಕಾಶ ನಿಲ್ದಾಣದ ಒಳಗೆ ಕಾಲಿಟ್ಟಾಗ ಅಲ್ಲಿದ್ದ ಗಂಡಸರು ತಮಾಷೆಗೆಂದು ಅವರ ಮುಂದೆ ಹಿಡಿದದ್ದು ಅಡುಗೆಮನೆಯ ಏಪ್ರನ್.