ಹದಿನಾಲ್ಕನೆಯ ವಾರದ ಚುಚ್ಚುಮದ್ದಿಗೆ ಮುನ್ನ

ಹೊಟ್ಟೆ ತುಂಬಿ, ಅಳದೆ, ಎಚ್ಚರವಾಗಿ ಅಂಗಾತ ಮಲಗಿರುವ ಮೂರು ತಿಂಗಳ ಕೂಸನ್ನು ಮಾತಾಡಿಸದೆ, ಗಿಲಕಿ ಆಡಿಸದೆ ಎರಡು ಮೂರು ನಿಮಿಷ ನೋಡುತ್ತ ಕುಳಿತರೆ ಅದರ ಮೈ ಒಂದು ಕ್ಷಣವೂ ಸುಮ್ಮನಿರುವುದಿಲ್ಲ ಎಂಬುದು ಕಾಣುತ್ತದೆ. ಕುತ್ತಿಗೆ, ಭುಜ, ಮಣಿಕಟ್ಟು, ಸೊಂಟ, ಕಾಲಿನ ಹರಡು ಎಲ್ಲವೂ ಸಣ್ಣಗೆ, ಮೃದುವಾಗಿ, ಒಮ್ಮೆ ಆ ಕಡೆ ಒಮ್ಮೆ ಈ ಕಡೆ ಹೊರಳುತ್ತಲೇ ಇರುತ್ತವೆ. ಒಂಬತ್ತನೆಯ ವಾರದ ಸುಮಾರಿಗೆ ಆರಂಭವಾಗಿ ಇಪ್ಪತ್ತನೆಯ ವಾರದ ಹೊತ್ತಿಗೆ ಮರೆಯಾಗುವ ಈ ಚಲನೆಗಳನ್ನು ಯಾರೂ ಕಲಿಸುವುದಿಲ್ಲ. ಬೆಳೆಯುತ್ತಿರುವ ಮೆದುಳೇ ಅವನ್ನು ಹುಟ್ಟಿಸುತ್ತದೆ. ಆದ್ದರಿಂದಲೇ ಅವು ಕಾಣದಿದ್ದರೆ ಮೆದುಳಿನ ಕಡೆಗೆ ಗಮನ ಹರಿಸಬೇಕಾಗುತ್ತದೆ.

ಇದನ್ನು ತೋರಿಸಿಕೊಟ್ಟವರು ಹೈಂಜ್ ಪ್ರೆಖ್ಟಲ್ ಎಂಬ ವಿಜ್ಞಾನಿ. ಅವರೂ ಸಂಗಡಿಗರೂ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 130 ಕೂಸುಗಳಿದ್ದವು. ಈ ಸಣ್ಣ ಚಲನೆಗಳು ಸರಿಯಾಗಿದ್ದ 70 ಕೂಸುಗಳಲ್ಲಿ 67 ಮುಂದೆ ನರಸಂಬಂಧಿ ತೊಂದರೆಯಿಲ್ಲದೆ ಬೆಳೆದವು. ಚಲನೆಗಳು ಇಲ್ಲದ ಅಥವಾ ವಿಕಾರವಾಗಿದ್ದ 60ರಲ್ಲಿ 57ಕ್ಕೆ ತೊಂದರೆ ಉಳಿಯಿತು, ಅವುಗಳಲ್ಲಿ ಬಹುಪಾಲಿಗೆ ಸೆರೆಬ್ರಲ್ ಪಾಲ್ಸಿ. ನೋಡಲು ಬೇಕಾದದ್ದು ಒಂದು ವಿಡಿಯೊ ಮತ್ತು ತರಬೇತಿ ಪಡೆದ ಕಣ್ಣು, ಅಷ್ಟೇ.

ಸೆರೆಬ್ರಲ್ ಪಾಲ್ಸಿ ಎಂದರೆ ಹುಟ್ಟುವ ಮೊದಲು, ಹುಟ್ಟುವಾಗ ಅಥವಾ ಎಳವೆಯಲ್ಲಿ ಮೆದುಳಿಗೆ ಆದ ಪೆಟ್ಟಿನಿಂದ ಚಲನೆ ಮತ್ತು ಭಂಗಿಯ ಹಿಡಿತ ತಪ್ಪುವುದು. ಸುಮಾರು ಸಾವಿರ ಹೆರಿಗೆಗೆ ಎರಡು ಮಕ್ಕಳಲ್ಲಿ ಇದು ಕಾಣಿಸಿಕೊಳ್ಳುತ್ತದೆ. ದಿನ ತುಂಬುವ ಮೊದಲೇ ಹುಟ್ಟಿದ, ಹುಟ್ಟಿದೊಡನೆ ಅಳದ, ವಿಪರೀತ ಕಾಮಾಲೆಯಾದ ಕೂಸುಗಳಿಗೆ ಅಪಾಯ ಹೆಚ್ಚು. ಆದರೆ ಯಾವ ತೊಡಕೂ ಇಲ್ಲದ ಹೆರಿಗೆಯ ನಂತರವೂ ಇದು ಬರುವುದುಂಟು. ಬಸುರಿನಲ್ಲಿ ತಾಯಿ ಏನು ತಪ್ಪು ಮಾಡಿದಳು ಎಂದು ಮನೆಯವರು ಲೆಕ್ಕ ಹಾಕುವುದು ಅನ್ಯಾಯ. ಮೆದುಳಿನ ಆ ಗಾಯ ಬೆಳೆಯುವುದಿಲ್ಲ. ಬೆಳೆಯುವುದು ಮಗು, ಮತ್ತು ಅದರೊಂದಿಗೆ ಬಿಗಿಯಾಗುತ್ತ ಹೋಗುವ ಸ್ನಾಯುಗಳು.

ಹಾಗಿದ್ದರೆ ತಿಂಗಳುಗಳ ಲೆಕ್ಕ ಏಕೆ ಮುಖ್ಯ? ಮೆದುಳಿನಿಂದ ಬೆನ್ನುಹುರಿಗೆ ಇಳಿಯುವ ನರತಂತುಗಳು ಕೂಸಿನಲ್ಲಿ ಮೊದಲು ದೇಹದ ಎರಡೂ ಬದಿಗೆ ಹರಡಿರುತ್ತವೆ. ಮೊದಲ ವರ್ಷಗಳಲ್ಲಿ ಅವುಗಳ ನಡುವೆ ಪೈಪೋಟಿ ನಡೆದು, ಹೆಚ್ಚು ಬಳಕೆಯಾದವು ಬಲಗೊಳ್ಳುತ್ತವೆ, ಬಳಕೆಯಾಗದವು ಹಿಂದೆ ಸರಿಯುತ್ತವೆ. ಎಡಗೈಯನ್ನು ಬಳಸದ ಕೂಸಿನಲ್ಲಿ ಎಡಗೈಯ ದಾರಿಯೇ ಸವೆದುಹೋಗುತ್ತದೆ. ಎಂಟು ತಿಂಗಳಿಗೇ ಎಲ್ಲವನ್ನೂ ಬಲಗೈಯಲ್ಲೇ ಹಿಡಿಯುತ್ತದೆ ಎಂದು ಮನೆಯವರು ಹಿಗ್ಗುತ್ತಿರುವಾಗ ಆಗುತ್ತಿರುವುದು ಇದೇ ಇರಬಹುದು. ವರ್ಷ ತುಂಬುವ ಮೊದಲು ಒಂದೇ ಕೈಯ ಒಲವು ಕಂಡರೆ ವೈದ್ಯರಿಗೆ ತೋರಿಸಬೇಕು. ನಾಲ್ಕು ತಿಂಗಳಾದರೂ ಬಿಚ್ಚದ ಮುಷ್ಟಿ, ನಿಲ್ಲದ ಕತ್ತು, ಬಟ್ಟೆ ಬದಲಿಸುವಾಗ ಕತ್ತರಿಯಂತೆ ಹೆಣೆದುಕೊಳ್ಳುವ ಕಾಲುಗಳು, ಒಂಬತ್ತು ತಿಂಗಳಾದರೂ ಆಸರೆಯಿಲ್ಲದೆ ಕೂರದಿರುವುದು, ಇವುಗಳನ್ನೂ ಹಾಗೆಯೇ ಕಾಣಬೇಕು. “ಕೆಲವು ಮಕ್ಕಳು ನಿಧಾನ, ಕಾದು ನೋಡೋಣ” ಎಂಬ ಮಾತಿನಷ್ಟು ದುಬಾರಿಯಾದ ಸಮಾಧಾನ ಇನ್ನೊಂದಿಲ್ಲ ಎಂದು ನನಗೆ ಅನಿಸುತ್ತದೆ.

ಕೊಡಗಿನಲ್ಲಿ ಕಾಯುವುದಕ್ಕೆ ಕಾರಣಗಳು ಸುಲಭವಾಗಿ ಸಿಗುತ್ತವೆ. ಕಕ್ಕಡದ ಮಳೆಯಲ್ಲಿ ತೋಟದ ಲೈನ್ ಮನೆಯಿಂದ ಬಸ್ಸಿನ ರಸ್ತೆಗೆ ಬರುವುದೇ ಒಂದು ಪಯಣ. ಕಾಫಿ ಕುಯ್ಲಿನ ದಿನಗಳಲ್ಲಿ ಮಡಿಕೇರಿಗೆ ಹೋಗಿಬಂದರೆ ಒಂದು ದಿನದ ಕೂಲಿ ಹೋಯಿತು. ಕೂಸು ದಿನವಿಡೀ ಸೀರೆಯ ಜೋಲಿಯಲ್ಲಿ ಮಡಚಿಕೊಂಡು ಮಲಗಿರುವುದರಿಂದ ಅದರ ಕೈಕಾಲಿನ ಆಟ ಯಾರ ಕಣ್ಣಿಗೂ ಬೀಳುವುದಿಲ್ಲ. ಇದಕ್ಕೆ ತಾಯಂದಿರನ್ನು ದೂರುವಂತಿಲ್ಲ. ನೋಡುವ ಕೆಲಸವೇ ಮನೆಯ ಬಾಗಿಲಿಗೆ ಹೋಗಬೇಕು. ಹಾಗೆ ಹೋಗಲು ದಾರಿಯೂ ಇದೆ. ಆಶಾ ಕಾರ್ಯಕರ್ತೆಯರು ಮೂರನೆಯ ತಿಂಗಳಲ್ಲಿ ಮನೆಗೆ ಭೇಟಿ ಕೊಡುತ್ತಾರೆ, ಹದಿನಾಲ್ಕನೆಯ ವಾರಕ್ಕೆ ಚುಚ್ಚುಮದ್ದಿದೆ, ಎರಡೂ ಆ ಸಣ್ಣ ಚಲನೆಗಳ ಅವಧಿಯ ಒಳಗೇ ಬರುತ್ತವೆ. ಚುಚ್ಚಿದ ಮೇಲೆ ಕೂಸು ಅಳುತ್ತದೆ, ಆಗ ಏನೂ ತಿಳಿಯುವುದಿಲ್ಲ. ಚುಚ್ಚುವ ಮೊದಲೇ ಚಾಪೆಯ ಮೇಲೆ ಮಲಗಿಸಿ, ಕೈಕಾಲು ಪೂರ್ತಿ ಕಾಣುವಂತೆ ಮೇಲಿನಿಂದ ಮೂರು ನಿಮಿಷದ ಮೊಬೈಲ್ ವಿಡಿಯೊ ತೆಗೆದರೆ ಸಾಕು, ಪರಿಣತರಿಗೆ ಅದನ್ನು ಕಳಿಸಬಹುದು. ಎಂಟು ವಾರ ಮೊದಲೇ ಹುಟ್ಟಿದ ಕೂಸಿಗಾದರೆ ವಾರಗಳನ್ನು ಹುಟ್ಟಿದ ದಿನದಿಂದಲ್ಲ, ತಾಯಿ ಕಾರ್ಡಿನಲ್ಲಿ ಬರೆದ ಹೆರಿಗೆಯ ನಿರೀಕ್ಷಿತ ದಿನದಿಂದ ಎಣಿಸಬೇಕು.

ಅನುಮಾನ ಬಂದ ಮೇಲೆ ಹ್ಯಾಮರ್‌ಸ್ಮಿತ್ ಪರೀಕ್ಷೆ ಎಂಬ 26 ಅಂಶಗಳ ತಪಾಸಣೆ ಮತ್ತು ಸಾಧ್ಯವಾದರೆ ಎಂಆರ್‌ಐ ಚಿತ್ರ ಸೇರಿಸಿದಾಗ, ಬಹಳಷ್ಟು ಕೂಸುಗಳಲ್ಲಿ ಆರು ತಿಂಗಳೊಳಗೇ ನಿರ್ಧಾರಕ್ಕೆ ಬರಬಹುದು. ಆದರೆ ಚಿಕಿತ್ಸೆಗೆ ಅಂತಿಮ ನಿರ್ಧಾರದವರೆಗೆ ಕಾಯಬೇಕಿಲ್ಲ. ಕೈಕಾಲನ್ನು ನಾವು ಹಿಡಿದು ಎಳೆದಾಡಿಸುವುದರಿಂದ ಮೆದುಳು ಕಲಿಯುವುದಿಲ್ಲ. ಕೂಸು ತಾನಾಗಿ ಚಾಚಬೇಕು, ತಪ್ಪಬೇಕು, ಮತ್ತೆ ಚಾಚಬೇಕು. ಬಳಸದ ಕೈಯ ಪಕ್ಕಕ್ಕೆ ಹೊಳೆಯುವ ಒಂದು ಸ್ಟೀಲ್ ಲೋಟ ಇಟ್ಟು, ಚುರುಕಾದ ಕೈಗೆ ಸ್ವಲ್ಪ ಹೊತ್ತು ಮೆತ್ತನೆಯ ಕಾಲುಚೀಲ ತೊಡಿಸಿ, ಅಮ್ಮ ಎದುರು ಕುಳಿತು ಕಾಯುತ್ತಾಳೆ. ಮೊದಲ ದಿನ ಬೆರಳು ಲೋಟಕ್ಕೆ ತಾಗದೆಯೂ ಹೋಗಬಹುದು. ಫಿಸಿಯೊಥೆರಪಿಸ್ಟ್ ಹೇಳಿಕೊಟ್ಟಂತೆ ಇದನ್ನೇ ದಿನವೂ, ಎಣ್ಣೆ ಹಚ್ಚಿ ಮೀಯಿಸಿದ ಮೇಲೋ ಹಾಲು ಕುಡಿದು ಆಡುವ ಹೊತ್ತಿನಲ್ಲೋ, ಮನೆಯಲ್ಲೇ ಮಾಡಬಹುದು.