ವ್ಯಾಂಕೂವರ್‌ನ ಸೆನಾಕ್ವ್: 80 ಎಕರೆ ಹೋಗಿ ಹತ್ತೂವರೆ ಎಕರೆ ಬಂದ ಬಗೆ

ಕೆನಡಾದ ವ್ಯಾಂಕೂವರ್ ನಗರದಲ್ಲಿ ಬರ್ರಾರ್ಡ್ ಸೇತುವೆಯ ದಕ್ಷಿಣ ತುದಿಗೆ ಒತ್ತಿಕೊಂಡಂತೆ ಸುಮಾರು ಹತ್ತೂವರೆ ಎಕರೆ ಜಾಗವಿದೆ. ಸ್ಕ್ವಾಮಿಶ್ ಮೂಲನಿವಾಸಿಗಳು ಅಲ್ಲಿ 11 ಗೋಪುರಗಳಲ್ಲಿ ಸುಮಾರು 6,000 ಬಾಡಿಗೆ ಮನೆಗಳ ಯೋಜನೆ ಕೈಗೊಂಡಿದ್ದಾರೆ. ಯೋಜನೆಯ ಹೆಸರು ಸೆನಾಕ್ವ್. ಅಲ್ಲಿದ್ದ ಹಳ್ಳಿಯ ಹೆಸರೂ ಅದೇ. ನಕ್ಷೆಯಲ್ಲಿ ನೋಡಿದರೆ ಜಾಗದ ಆಕಾರ ವಿಚಿತ್ರವಾಗಿದೆ: ಅಡ್ಡಾದಿಡ್ಡಿ ಸೀಳಿದ ಪಟ್ಟಿಗಳು. ಕಾರಣ, ಅದು ರೈಲು ಹಳಿ ಹಾದುಹೋಗಿದ್ದ ನೆಲ. ಒಂದು ಕಾಲಕ್ಕೆ 80 ಎಕರೆ ಇದ್ದ ಮೀಸಲು ಜಮೀನಿನಲ್ಲಿ (ಮೂಲನಿವಾಸಿಗಳಿಗೆಂದು ಸರ್ಕಾರ ಕಾದಿರಿಸಿದ ನೆಲ) ಹಿಂತಿರುಗಿ ಬಂದದ್ದು ಇಷ್ಟೇ. ನಗರದ ಪತ್ರಾಗಾರಕ್ಕೆಂದು 1972ರಲ್ಲಿ ತೆರೆದ ಕಟ್ಟಡ ಇರುವ ವ್ಯಾನಿಯರ್ ಪಾರ್ಕ್ ಕೂಡ ಆ 80 ಎಕರೆಯ ಪೈಕಿಯದೇ. ಅದು ಬರಲಿಲ್ಲ.

ವ್ಯಾಂಕೂವರ್ ಇರುವ ಬ್ರಿಟಿಷ್ ಕೊಲಂಬಿಯಾ ಪ್ರಾಂತದ ಬಹುಭಾಗದಲ್ಲಿ ಮೂಲನಿವಾಸಿಗಳೊಂದಿಗೆ ಭೂಒಪ್ಪಂದವೇ ಆಗಲಿಲ್ಲ. 1850ರ ದಶಕದ ಮೊದಲ ಭಾಗದಲ್ಲಿ ಗವರ್ನರ್ ಡಗ್ಲಸ್ ಮಾಡಿಕೊಂಡ 14 ಒಪ್ಪಂದಗಳೂ ವ್ಯಾಂಕೂವರ್ ದ್ವೀಪಕ್ಕೆ ಸೀಮಿತ. ಹೆಸರು ಒಂದೇ ಆದರೂ ನಗರ ಆ ದ್ವೀಪದಲ್ಲಿಲ್ಲ, ಎದುರಿನ ಮುಖ್ಯಭೂಮಿಯಲ್ಲಿದೆ. ಹಾಗಾಗಿ ಮಸ್ಕ್ವಿಯಮ್, ಸ್ಕ್ವಾಮಿಶ್, ಟ್ಸ್ಲೇಲ್-ವಾಟುತ್ ಜನರ ನೆಲದ ಮೇಲೆ ನಗರ ಬೆಳೆಯಿತೇ ಹೊರತು, ಆ ನೆಲವನ್ನು ಅವರು ಬಿಟ್ಟುಕೊಟ್ಟ ಕಾಗದ ಯಾವ ಕಪಾಟಿನಲ್ಲೂ ಇಲ್ಲ. 2014ರ ಜೂನ್‌ನಲ್ಲಿ ನಗರಸಭೆ ಒಮ್ಮತದ ನಿರ್ಣಯದಲ್ಲಿ ಒಪ್ಪಿಕೊಂಡದ್ದು ಇದನ್ನೇ.

ಸೆನಾಕ್ವ್‌ಗೆ 1869ರಲ್ಲಿ 37 ಎಕರೆ ಗುರುತಿಸಲಾಯಿತು. 1870ರ ದಶಕದಲ್ಲಿ ಮೀಸಲು ಜಮೀನು ಆಯೋಗ ಅದನ್ನು ಸುಮಾರು 80ಕ್ಕೆ ಏರಿಸಿತು. ಇಳಿಕೆ ಬೇಗನೆ ಶುರುವಾಯಿತು. ಕೆನಡಿಯನ್ ಪೆಸಿಫಿಕ್ ರೈಲ್ವೆ 1886ರಲ್ಲೊಮ್ಮೆ, 1902ರಲ್ಲೊಮ್ಮೆ ಪಟ್ಟಿ ಕತ್ತರಿಸಿಕೊಂಡಿತು. ಮೂಲನಿವಾಸಿಗಳಿಗೆ ಸಂಬಂಧಿಸಿದ ‘ಇಂಡಿಯನ್ ಕಾಯ್ದೆ’ಗೆ 1911ರಲ್ಲಿ ಬಂದ ತಿದ್ದುಪಡಿ ಇನ್ನೂ ಮುಂದೆ ಹೋಯಿತು: 8,000 ಅಥವಾ ಹೆಚ್ಚು ಜನರಿರುವ ಪಟ್ಟಣದ ಮಗ್ಗುಲಲ್ಲಿ ಮೀಸಲು ಜಮೀನಿದ್ದರೆ, ನಿವಾಸಿಗಳು ಒಪ್ಪಲಿ ಬಿಡಲಿ, ನ್ಯಾಯಾಲಯದ ಆದೇಶ ಪಡೆದು ಅವರನ್ನು ಎಬ್ಬಿಸಬಹುದು. 1913ರಲ್ಲಿ ಪ್ರಾಂತ ಸರ್ಕಾರದವರು ಆ ಆದೇಶಕ್ಕೂ ಕಾಯಲಿಲ್ಲ. ಮನೆಯ ಯಜಮಾನನಿಗೆ ತಲಾ 11,250 ಡಾಲರ್ ಎಂದು ಮಾತಾಯಿತು, ಕುಟುಂಬಗಳನ್ನು ದೋಣಿ ಹತ್ತಿಸಿ ಸಾಗಿಸಲಾಯಿತು, ಹಿಂದೆ ಉಳಿದ ಮನೆಗಳಿಗೆ ಬೆಂಕಿ ಬಿತ್ತು. ಮೀಸಲು ಜಮೀನು ಪರಭಾರೆಯಾಗಬೇಕಾದರೆ ಅದಕ್ಕೆಂದೇ ಕರೆದ ಸಭೆಯಲ್ಲಿ ಬಹುಮತ ಬೇಕು, ಕೇಂದ್ರ ಸರ್ಕಾರದ ಅಂಗೀಕಾರ ಬೇಕು. ಪ್ರಾಂತಕ್ಕೆ ಕೊಳ್ಳುವ ಅಧಿಕಾರವೇ ಇರಲಿಲ್ಲ. ಆದರೆ ಖಾಲಿಯಾದ ಹಳ್ಳಿಗೆ ಯಾರೂ ಮರಳಲಿಲ್ಲ. 1927ರಿಂದ 1951ರವರೆಗೆ ಭೂಹಕ್ಕಿನ ದಾವೆಗೆ ಅನುಮತಿಯಿಲ್ಲದೆ ಹಣ ಕೂಡಿಸುವುದೇ ಅಪರಾಧವಾಗಿತ್ತು. ವಕೀಲರ ಬಾಗಿಲೂ ಮುಚ್ಚಿದಂತಾಯಿತು. ಉಳಿದ ಜಮೀನು ಸೇತುವೆಗೆ, ಸೇನೆಗೆ, ಕಾರ್ಖಾನೆಗೆ ಎಂದು ತುಂಡುತುಂಡಾಗಿ 1960ರ ದಶಕದ ಹೊತ್ತಿಗೆ ಮುಗಿದುಹೋಯಿತು.

ನಗರ ಪತ್ರಾಗಾರ ಈ ನಡುವೆ ಹುಟ್ಟಿದ್ದು. ಅದರ ಜನಕ ಮೇಜರ್ ಜೆ. ಎಸ್. ಮ್ಯಾಥ್ಯೂಸ್ ವಲಸೆ ಬಂದು ಊರು ಕಟ್ಟಿದವರ ಆರಾಧಕ; ಮೂಲನಿವಾಸಿಗಳ ಮಾತು ಅವರಿಗೆ ಊರಿನ ಕತೆಯ ಪೀಠಿಕೆಯಷ್ಟೇ. ಆದರೂ 1932ರಿಂದ 1954ರವರೆಗೆ ಅವರು ಸ್ಕ್ವಾಮಿಶ್ ಹಿರಿಯ ಆಗಸ್ಟ್ ಜ್ಯಾಕ್ ಖಾತ್ಸಲಾನೊ ಅವರನ್ನು ಕೂರಿಸಿಕೊಂಡು ಬರೆದಿಟ್ಟ ಸಂಭಾಷಣೆಗಳಷ್ಟು ಹುರುಳಿನ ದಾಖಲೆ ಆ ಸಂಗ್ರಹದಲ್ಲಿ ಇನ್ನೊಂದು ಸಿಗುವುದು ಕಷ್ಟ. ಯಾವ ಮನೆಯಲ್ಲಿ ಯಾರಿದ್ದರು, ಯಾವ ಮೀನನ್ನು ಎಲ್ಲಿ ಹಿಡಿಯುತ್ತಿದ್ದರು, ಯಾವ ದಿಬ್ಬಕ್ಕೆ ಏನು ಹೆಸರು, ಎಲ್ಲ ಅಲ್ಲಿದೆ. ನಗರದ ಉದ್ಯಾನವಾದ ಸ್ಟ್ಯಾನ್ಲಿ ಪಾರ್ಕ್‌ಗೆ ರಸ್ತೆ ಮಾಡುವಾಗ, ಅಲ್ಲಿನ ಚೇತೂಸ್ ಎಂಬಲ್ಲಿದ್ದ ತಮ್ಮ ಮನೆಯ ಮೂಲೆಯನ್ನೇ ಸರ್ವೆಯವರು ಕಡಿದದ್ದನ್ನು ಖಾತ್ಸಲಾನೊ ಹೇಳಿದ್ದಾರೆ. ಪಾರ್ಕಿನ ಜಾಗದಲ್ಲೇ ಇದ್ದ ಖ್ವೈಖ್ವೈ ಹಳ್ಳಿಯವರು ತಲೆತಲಾಂತರದಿಂದ ಉಂಡು ಎಸೆದ ಚಿಪ್ಪಿನ ದಿಬ್ಬವನ್ನು ಅಗೆದು ಅದೇ ರಸ್ತೆಗೆ ಹಾಸಿದರು. ಖಾತ್ಸಲಾನೊ ಅವರ ತಂದೆಯ ಸಮಾಧಿ ಇದ್ದ ಚೇತೂಸ್‌ನಲ್ಲೇ 1888ರಲ್ಲಿ ಪಾರ್ಕಿನ ಉದ್ಘಾಟನೆ ನಡೆಯಿತು.

ಈ ಪುಟಗಳನ್ನು ಓದುವಾಗ ಮೂರು ಪದರಗಳನ್ನು ಬೇರ್ಪಡಿಸಿಕೊಳ್ಳಬೇಕು: ಹೇಳಿದವರ ಮಾತು, ಕೇಳಿದವರ ಪ್ರಶ್ನೆ, ಟೈಪು ಮಾಡುವಾಗ ಮ್ಯಾಥ್ಯೂಸ್ ಸೇರಿಸಿದ ಟಿಪ್ಪಣಿ. ಹೆಚ್ಚಿನವರು ಎಡವುವುದು ಮೂರನೆಯದರಲ್ಲಿ. ಮ್ಯಾಥ್ಯೂಸ್ ಅವರ ಊಹೆ ಖಾತ್ಸಲಾನೊ ಅವರ ಹೇಳಿಕೆಯಾಗಿ ಉದ್ಧೃತವಾಗಿಬಿಡುತ್ತದೆ. ಹುಡುಕಾಟದಲ್ಲೂ ಒಂದು ತೊಡಕಿದೆ. ಹಳ್ಳಿಯ ಹೆಸರು, ಮನುಷ್ಯರ ಹೆಸರು ಹತ್ತಾರು ಕಾಗುಣಿತಗಳಲ್ಲಿವೆ. ಫೋಟೋ ಶೀರ್ಷಿಕೆಯಲ್ಲಿ ಹೆಸರೇ ಇಲ್ಲದೆ ‘ಇಂಡಿಯನ್’ (ಮೂಲನಿವಾಸಿಗಳಿಗೆ ಆಗ ಬಳಸುತ್ತಿದ್ದ ಪದ) ಎಂದಷ್ಟೇ ಇರುವುದೂ ಉಂಟು. ಹಾಗಾಗಿ ಹೆಸರಿನಿಂದ ಸಿಗದಿದ್ದರೆ ಜಾಗ ಹಿಡಿದು ಹೋಗಬೇಕು: ಮೊದಲು ಕಟ್ಟಡಗಳನ್ನು ಗುರುತಿಸಿದ ಅಗ್ನಿವಿಮೆಯ ನಕ್ಷೆ, ಆಮೇಲೆ ಅದೇ ಬೀದಿಯ ಫೋಟೋಗಳು, ಆಮೇಲೆ ಆ ವರ್ಷದ ನಗರಸಭೆಯ ನಡಾವಳಿ.

ಯಾರು ವಾಸವಿದ್ದರು ಎಂಬುದನ್ನು ನಗರದ ಕಡತ ಹೇಳುತ್ತದೆ. ಯಾವ ಷರತ್ತಿನ ಮೇಲೆ ಜಮೀನು ಹೋಯಿತು ಎಂಬುದಕ್ಕೆ ಅದು ಸಾಲದು. ಮೀಸಲು ಜಮೀನು ಕೇಂದ್ರದ ವಿಷಯವಾದ್ದರಿಂದ ಇಂಡಿಯನ್ ವ್ಯವಹಾರಗಳ ಇಲಾಖೆಯ ಪತ್ರಗಳು ಒಟ್ಟಾವಾದ ರಾಷ್ಟ್ರೀಯ ಪತ್ರಾಗಾರದಲ್ಲಿ ‘ಆರ್‌ಜಿ 10’ ಎಂಬ ಸರಣಿಯಲ್ಲಿವೆ. ಪ್ರಾಂತ ಸರ್ಕಾರದ ಕಾಗದ ಪ್ರಾಂತದ ರಾಜಧಾನಿ ವಿಕ್ಟೋರಿಯಾದಲ್ಲಿ. ಒಂದೇ ತುಂಡು ನೆಲಕ್ಕೆ ಮೂರು ಊರು ಅಲೆಯಬೇಕು. ಸೆನಾಕ್ವ್‌ನ ದಾವೆ ಗೆದ್ದದ್ದು ಷರತ್ತನ್ನು ಹೇಳುವ ಕಾಗದದಿಂದ: ಹಳಿಗೆಂದು ಪಡೆದ ನೆಲವನ್ನು ರೈಲ್ವೆ ಹಳಿಗಷ್ಟೇ ಬಳಸಬೇಕಿತ್ತು. ರೈಲು ನಿಂತ ಮೇಲೆ ಕಂಪನಿ ಅದನ್ನು ಮಾರಲು ಹೊರಟಾಗ ಸ್ಕ್ವಾಮಿಶ್ ಜನ ನ್ಯಾಯಾಲಯದ ಮೆಟ್ಟಿಲೇರಿದರು. ಉದ್ದೇಶ ತೀರಿದ ಮೇಲೆ ನೆಲ ಮೀಸಲಿಗೇ ಮರಳಬೇಕೆಂಬ ತೀರ್ಪನ್ನು 2002ರಲ್ಲಿ ಪ್ರಾಂತದ ಮೇಲ್ಮನವಿ ನ್ಯಾಯಾಲಯ ಎತ್ತಿಹಿಡಿಯಿತು. 1913ರ ಕ್ರೌರ್ಯಕ್ಕೆ ಸಿಗದ ಜಮೀನು ಒಂದು ಷರತ್ತಿಗೆ ಸಿಕ್ಕಿತು.

ಕಾಗದ ಕಣ್ಣಿಗೇ ಬೀಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಗರದ ಇನ್ನೊಂದು ತುದಿಯ ಮಸ್ಕ್ವಿಯಮ್ ಪ್ರಕರಣ ನೋಡಬೇಕು. ಅವರ 162 ಎಕರೆಯನ್ನು ಸರ್ಕಾರ 1958ರಲ್ಲಿ ಗಾಲ್ಫ್ ಕ್ಲಬ್ಬಿಗೆ 75 ವರ್ಷ ಗುತ್ತಿಗೆ ಕೊಟ್ಟಿತು. ಮೊದಲ 15 ವರ್ಷ ವರ್ಷಕ್ಕೆ 29,000 ಡಾಲರ್. ಷರತ್ತುಗಳು ಅವರು ಸಭೆಯಲ್ಲಿ ಒಪ್ಪಿದ್ದಕ್ಕಿಂತ ಬೇರೆಯೇ ಇದ್ದವು. ಗುತ್ತಿಗೆ ಪತ್ರದ ಪ್ರತಿ ಅವರ ಕೈಗೆ ಬಂದದ್ದು 1970ರಲ್ಲಿ. 1984ರಲ್ಲಿ ಸುಪ್ರೀಂ ಕೋರ್ಟ್ ಒಂದು ಕೋಟಿ ಡಾಲರ್ ಪರಿಹಾರವನ್ನು ಖಾಯಂ ಮಾಡಿತು.

ಕಲೆಯ ವಿಷಯದಲ್ಲಿ ನಗರ ನಡೆದುಕೊಂಡ ರೀತಿ ಇನ್ನೂ ವಿಲಕ್ಷಣ. 1920ರ ದಶಕದಲ್ಲಿ ಸ್ಟ್ಯಾನ್ಲಿ ಪಾರ್ಕ್‌ನಲ್ಲಿ ‘ಇಂಡಿಯನ್ ಹಳ್ಳಿ’ ಪ್ರದರ್ಶನಕ್ಕಿಡುವ ಉಮೇದಿನಲ್ಲಿ ಉತ್ತರದ ಅಲರ್ಟ್ ಬೇಯಂಥ ಕಡೆಗಳಿಂದ ಟೋಟೆಮ್ ಕಂಬಗಳನ್ನು (ಕುಲಚಿಹ್ನೆಗಳನ್ನು ಕೆತ್ತಿದ ಮರದ ಕಂಬಗಳು) ತರಿಸಲಾಯಿತು. ಅವು ಬೇರೆ ಜನರ ಕಂಬಗಳು, ನಮ್ಮವಲ್ಲ ಎಂದು ಸ್ಕ್ವಾಮಿಶ್ ಜನ ತಕರಾರು ತೆಗೆದರು. ಅದೇ ವರ್ಷಗಳಲ್ಲಿ ಪಾರ್ಕಿನೊಳಗೆ ನಿಜವಾಗಿ ಬದುಕಿದ್ದ ಕುಟುಂಬಗಳ ಮೇಲೆ ದಾವೆ ಹೂಡಿ ಒಕ್ಕಲೆಬ್ಬಿಸುವ ಕೆಲಸ ನಡೆದಿತ್ತು. ಸರ್ಕಾರಿ ನೆಲದಲ್ಲಿ ಅನುಭೋಗದ ಹಕ್ಕು ಸಿಗಲು 60 ವರ್ಷದ ವಾಸ ಸಾಬೀತಾಗಬೇಕಿತ್ತು. ಹಿರಿಯರ ಬಾಯಿಮಾತಿಗೆ ತೂಕ ಸಿಗಲಿಲ್ಲ. 1925ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಅವರು ಸೋತರು. ಸ್ಕ್ವಾಮಿಶ್, ಮಸ್ಕ್ವಿಯಮ್ ಮೊದಲಾದ ಸ್ಥಳೀಯರ ಕೋಸ್ಟ್ ಸೇಲಿಶ್ ಶೈಲಿಯಲ್ಲಿ ಮಸ್ಕ್ವಿಯಮ್ ಕಲಾವಿದೆ ಸೂಸನ್ ಪಾಯಿಂಟ್ ಕೆತ್ತಿದ ದ್ವಾರಗಳು ಆ ಕಂಬಗಳ ಬಳಿ ನಿಂತದ್ದು 2008ರಲ್ಲಿ.

ಬಾಯಿಮಾತಿಗೆ ಕಾನೂನಿನ ಬಲ ಬಂದದ್ದು 1997ರ ಡೆಲ್ಗಮೂಕ್ವ್ ತೀರ್ಪಿನಿಂದ: ಮೌಖಿಕ ಇತಿಹಾಸವನ್ನು ಲಿಖಿತ ದಾಖಲೆಯ ಸರಿಸಮಕ್ಕೆ ಇಟ್ಟು ತೂಗಬೇಕೆಂದು ಸುಪ್ರೀಂ ಕೋರ್ಟ್ ಹೇಳಿತು. (ನಮ್ಮಲ್ಲಿ 2008ರ ಅರಣ್ಯ ಹಕ್ಕು ನಿಯಮಗಳೂ ಹಿರಿಯರ ಹೇಳಿಕೆಯನ್ನು ಬರಹಕ್ಕಿಳಿಸಿದರೆ ಪುರಾವೆಯೆಂದು ಸ್ವೀಕರಿಸುತ್ತವೆ, ಅರ್ಜಿದಾರರೇ ಹೇಳಿದ್ದಾದರೆ ಆಗದು.) ಆದರೆ ಮೌಖಿಕ ಇತಿಹಾಸಗಳು ಒಂದಕ್ಕೊಂದು ಎದುರಾಗಲೂಬಹುದು. ಸೆನಾಕ್ವ್ ಮೀಸಲಿನಲ್ಲಿ ತಮಗೂ ಪಾಲಿದೆ ಎಂದು ಮಸ್ಕ್ವಿಯಮ್ ಮತ್ತು ಟ್ಸ್ಲೇಲ್-ವಾಟುತ್ ಜನರೂ ವಾದಿಸಿದರು. 2001ರಲ್ಲಿ ಫೆಡರಲ್ ನ್ಯಾಯಾಲಯ ಅವರ ವಾದವನ್ನು ತಳ್ಳಿಹಾಕಿತು.

ಅಷ್ಟರಲ್ಲಿ ಸ್ಕ್ವಾಮಿಶ್ ಜನ ಕೇಂದ್ರ ಸರ್ಕಾರದೊಂದಿಗೆ ರಾಜಿ ಮಾಡಿಕೊಂಡಿದ್ದರು. 2000ದ ಆ ಒಪ್ಪಂದದಲ್ಲಿ ಸೆನಾಕ್ವ್ ಸೇರಿ ಹಲವು ಹಳೆಯ ದೂರುಗಳಿಗೆ ಒಟ್ಟು 9.25 ಕೋಟಿ ಡಾಲರ್ ಬಂತು. ಬದಲಿಗೆ ದಾವೆಗಳನ್ನು ಕೈಬಿಡಬೇಕಾಯಿತು. ರೈಲ್ವೆ ಪಟ್ಟಿಯ ವ್ಯಾಜ್ಯ ಬೇರೆಯೇ ನಡೆದದ್ದರಿಂದ ಅದು ಉಳಿಯಿತು. ಆ ಪಟ್ಟಿ ಮೀಸಲು ಜಮೀನಾದ್ದರಿಂದ ನಗರದ ವಲಯ ನಿಯಮಗಳು ಅಲ್ಲಿ ನಡೆಯುವುದಿಲ್ಲ. ನೀರು, ಒಳಚರಂಡಿ, ಅಗ್ನಿಶಾಮಕ ಸೇವೆಗಳಿಗೆ ನಗರಸಭೆ 2022ರಲ್ಲಿ ಸ್ಕ್ವಾಮಿಶ್ ಜನರೊಂದಿಗೆ ಪ್ರತ್ಯೇಕ ಕರಾರು ಮಾಡಿಕೊಳ್ಳಬೇಕಾಯಿತು.